ಹಿಂದೆ ಸ್ಪ್ರಿಂಗ್ ಇರಬೇಕೋ ಬೇಡವೋ

ಮಲಪನಗುಡಿಯ ಗಂಗಾ ಸೈಕಲ್ ಕಲಿತದ್ದು ತವರು ಬುಕ್ಕಸಾಗರದಲ್ಲಿ, ಅಪ್ಪನ ಎತ್ತರದ ಸೈಕಲ್ಲಿನ ಅಡ್ಡಗಂಬಿಯ ಕೆಳಗೆ ಕಾಲು ತೂರಿಸಿಕೊಂಡು. ಭತ್ತದ ಗದ್ದೆಯ ಬದುವಿನ ಮೇಲೆ ಹೋಗುವಾಗ ಎಡಕ್ಕೆ ಬಿದ್ದರೆ ಕೆಸರು, ಬಲಕ್ಕೆ ಬಿದ್ದರೆ ಕಾಲುವೆ. ಕಾಲುವೆಗೆ ಬಿದ್ದರೆ ಮೈ ತೊಳೆಯುವ ಕೆಲಸ ಉಳಿಯುತ್ತದೆಂದು ಅವಳು ಬಲಕ್ಕೇ ಬೀಳುವುದನ್ನು ರೂಢಿ ಮಾಡಿಕೊಂಡಿದ್ದಳು. ಆಮೇಲೆ ಹೈಸ್ಕೂಲಿನಲ್ಲಿ ಸರ್ಕಾರ ಕೊಟ್ಟ ಸೈಕಲ್ ಬಂತು. ಅದರ ಹಿಂದಿನ ಕ್ಯಾರಿಯರ್ ಮೇಲೆ ಗೆಳತಿ, ಮುಂದಿನ ಬುಟ್ಟಿಯಲ್ಲಿ ಇಬ್ಬರ ಪುಸ್ತಕ, ಹ್ಯಾಂಡಲ್ಲಿಗೆ ನೇತುಹಾಕಿದ ಮಜ್ಜಿಗೆಯ ಕ್ಯಾನು. ಇಷ್ಟನ್ನೂ ಹೊತ್ತುಕೊಂಡು ನಡೆದ ಸೈಕಲ್ಲಿಗೆ ಸ್ಪ್ರಿಂಗ್ ಅಂತ ಇದ್ದದ್ದು ಸೀಟಿನ ಕೆಳಗೆ ಮಾತ್ರ, ಅದೂ ಕಿರುಗುಟ್ಟಲಿಕ್ಕೆ.

ಈಗ ಅವಳಿಗೆ ಮೂವತ್ತೆರಡು ದಾಟಿದೆ. ಸಂಡೂರಿನ ಈಚೆಗೆ ಒಂದು ಅದಿರು ಯಾರ್ಡಿನಲ್ಲಿ ಕಾಟಾದ ಮೇಲೆ ಕೆಲಸ. ಲಾರಿ ಬಂದು ಕಾಟಾದ ಮೇಲೆ ನಿಂತರೆ ತೂಕ ನೋಡಿ ಚೀಟಿ ಕೊಡುವುದು. ಗಂಡ ಹುಲಿಗೇಶ್ ಕಂಪ್ಲಿಯ ಅಕ್ಕಿ ಗಿರಣಿಯಲ್ಲಿ ಬಾಯ್ಲರ್ ನೋಡಿಕೊಳ್ಳುತ್ತಾನೆ. ಶನಿವಾರ ಸಂಜೆ ಮನೆಗೆ ಬಂದು ಮಲಗಿದರೆ ಭಾನುವಾರ ಮಧ್ಯಾಹ್ನ ಊಟಕ್ಕೇ ಏಳುವವನು. ಅವನ ನಿದ್ದೆಯ ಬಗ್ಗೆ ಹೇಳಲು ಹೊರಟರೆ ಅದೇ ಒಂದು ಕಥೆಯಾಗುತ್ತದೆ. ಒಮ್ಮೆ ಪಕ್ಕದ ಮನೆಯ ಮದುವೆಯ ಬ್ಯಾಂಡ್ ಕಿಟಕಿಯ ಹತ್ತಿರವೇ ನಿಂತು ಬಾರಿಸಿದರೂ ಎದ್ದಿರಲಿಲ್ಲ. ಎದ್ದ ಮೇಲೆ, ಮದುವಿ ಯಾವಾಗ, ಅಂತ ಕೇಳಿದ. ಅದಿರಲಿ. ಗಂಡ ಹೀಗೆ ಮಲಗಿರುವ ಭಾನುವಾರದ ಬೆಳಗಿನಲ್ಲೇ ಗಂಗಾಳ ಸೈಕಲ್ ಸವಾರಿ.

ಸಂಡೂರಿನ ಗುಡ್ಡಗಳಲ್ಲಿ ಸೈಕಲ್ ಹೊಡೆಯುವ ಒಂದು ಸಣ್ಣ ಗುಂಪಿದೆ. ಸ್ಟೀಲ್ ಫ್ಯಾಕ್ಟರಿಯವರು ಇಬ್ಬರು, ಒಬ್ಬ ಮೇಷ್ಟ್ರು, ಹೊಸಪೇಟೆಯ ವೇದಾಂತ್ ಎಂಬ ಇಂಜಿನಿಯರ್, ಹೀಗೆ. ಒಂದು ದಿನ ಇವರೆಲ್ಲ ಕಾಟಾದ ಹತ್ತಿರ ನೀರು ಕೇಳಲು ನಿಂತಾಗ, ಗಂಗಾ ನೀರು ಕೊಟ್ಟವಳು ಒಬ್ಬರ ಸೈಕಲ್ಲನ್ನು ಇಸಿದುಕೊಂಡು ಯಾರ್ಡಿನ ಸುತ್ತ ಒಂದು ಸುತ್ತು ಹೊಡೆದು ಬಂದಳು. ಸೀರೆಯಲ್ಲೇ. ಮುಂದಿನ ಭಾನುವಾರ ಚೂಡಿದಾರ ಹಾಕಿಕೊಂಡು, ಒಂದು ಹಳೇ ಗೇರ್ ಸೈಕಲ್ ಹತ್ತಿ, ಅವರ ಹಿಂದೆ ಗುಡ್ಡಕ್ಕೇ ಹೋದಳು.

ಎಲ್ಲ ಚೆನ್ನಾಗಿತ್ತು, ಕೋಣನಬೆನ್ನು ಒಂದನ್ನು ಬಿಟ್ಟು.

ಕೋಣನಬೆನ್ನು ಅಂದರೆ ಗುಡ್ಡದ ಆಚೆ ಮಗ್ಗುಲಿನ ಒಂದು ಇಳಿಜಾರು. ದನ ಕಾಯುವವರು ಇಟ್ಟ ಹೆಸರು. ಮೇಲೆ ಕೆಂಪು ಹರಳುಗಲ್ಲು, ನಡುವೆ ಮೆಟ್ಟಿಲಿನ ಹಾಗೆ ಬಂಡೆ, ಕೊನೆಗೆ ಎಡಕ್ಕೊಂದು ತಿರುವು, ತಿರುವಿನಾಚೆ ಜಾಲಿ ಮುಳ್ಳು. ಮೊದಲ ಸಲ ಗಂಗಾ ಅಲ್ಲಿ ಬಿದ್ದು ಮೊಣಕೈ ತರಚಿಸಿಕೊಂಡಳು. ಅಂದಿನಿಂದ ಪ್ರತಿ ವಾರವೂ ಆ ಇಳಿಜಾರು ಬಂದ ಕೂಡಲೇ ಇಳಿದು, ಸೈಕಲ್ಲನ್ನು ಎಮ್ಮೆಯ ಹಾಗೆ ಕೈಯಲ್ಲಿ ಹಿಡಿದು ನಡೆದು ಬರುತ್ತಿದ್ದಳು. ಉಳಿದವರು ಕೆಳಗೆ ಕಾಯುತ್ತಿದ್ದರು. ಯಾರೂ ನಗುತ್ತಿರಲಿಲ್ಲ. ನಕ್ಕಿದ್ದರೆ ಎದುರು ಮಾತಾಡಿ ಬಾಯಿ ಮುಚ್ಚಿಸಬಹುದಿತ್ತು. "ನಿಧಾನ ಬರ್ರಿ, ನಮಗೇನ್ ಅವಸರ ಇಲ್ಲ" ಎನ್ನುತ್ತಿದ್ದರು. ಅದೇ ಅವಳಿಗೆ ಚುಚ್ಚುತ್ತಿತ್ತು. ಒಂದೇ ಒಂದು ಸಲ, ಮೇಲಿನಿಂದ ಕೆಳಗಿನವರೆಗೆ, ಕಾಲು ನೆಲಕ್ಕೆ ತಾಗಿಸದೆ ಇಳಿಯಬೇಕು. ರೊಟ್ಟಿ ಬಡಿಯುವಾಗಲೂ, ಲಾರಿಯ ತೂಕ ನೋಡುವಾಗಲೂ ಅವಳ ತಲೆಯಲ್ಲಿ ಇದೇ.

ಅದಕ್ಕೆ ಹಳೇ ಸೈಕಲ್ ಆಗದು. ಹೊಸದು ಬೇಕು. ಯಾವುದು ಎಂಬಲ್ಲಿ ಪೇಚಾಟ ಶುರುವಾಯಿತು.

ಹೊಸಪೇಟೆಯಲ್ಲಿ ಪಾಲಯ್ಯನ ಸೈಕಲ್ ಅಂಗಡಿಯಿದೆ. ಅಲ್ಲೊಂದು ಹೊಚ್ಚಹೊಸ ಹಾರ್ಡ್‌ಟೇಲ್ ನಿಂತಿತ್ತು. ಮುಂದಿನ ಗಾಲಿಗೆ ಶಾಕಬ್ಸರ್ ಇರುತ್ತದೆ, ಹಿಂದೆ ಏನೂ ಇರುವುದಿಲ್ಲ, ಗಟ್ಟಿ ಫ್ರೇಮು. ಅದಕ್ಕೇ ಆ ಹೆಸರು, ಗಟ್ಟಿ ಬಾಲ ಅಂತ. ಅದೇ ಹೊತ್ತಿಗೆ ವೇದಾಂತ್ ತನ್ನ ಫುಲ್ ಸಸ್ಪೆನ್ಷನ್ ಸೈಕಲ್ ಮಾರಲು ಹೊರಟಿದ್ದ. ಅದಕ್ಕೆ ಮುಂದೂ ಸ್ಪ್ರಿಂಗು, ಹಿಂದೂ ಸ್ಪ್ರಿಂಗು. ಮಾರುವುದಕ್ಕೆ ಕಾರಣ ಅವನ ಬಲಗೈ. ವರ್ಷವೆಲ್ಲ ಕೋಣನಬೆನ್ನನ್ನು ಹಾರಿಕೊಂಡು ಇಳಿದ ಮನುಷ್ಯ ಬಚ್ಚಲುಮನೆಯಲ್ಲಿ ಸೋಪಿನ ಮೇಲೆ ಕಾಲಿಟ್ಟು ಮಣಿಕಟ್ಟು ಮುರಿದುಕೊಂಡಿದ್ದ. ಅವನ ತಾಯಿ ಯಮುನಾಬಾಯಿ ಅದಕ್ಕೂ ಸೈಕಲ್ಲನ್ನೇ ದೂರಿದರು. ಸೈಕಲ್ ಹೊಡೆಯದಿದ್ದರೆ ಮೈ ಮಣ್ಣಾಗುತ್ತಿರಲಿಲ್ಲ, ಮೈ ಮಣ್ಣಾಗದಿದ್ದರೆ ಎರಡನೇ ಸಲ ಸ್ನಾನ ಬೇಕಿರಲಿಲ್ಲ, ಎಂಬುದು ಅವರ ವಾದ. ತಾಯಿಯ ಮುಂದೆ ಇಂಜಿನಿಯರಿಂಗ್ ನಡೆಯಲಿಲ್ಲ.

ಹೊಸ ಹಾರ್ಡ್‌ಟೇಲ್, ಹಳೇ ಫುಲ್ ಸಸ್ಪೆನ್ಷನ್, ಎರಡರ ಬೆಲೆಯೂ ಹೆಚ್ಚುಕಡಿಮೆ ಒಂದೇ.

"ಹಿಂದ ಸ್ಪ್ರಿಂಗ್ ಇದ್ರ ಬಂಡಿಗಲ್ಲಿನ ಮ್ಯಾಲೆ ಗಾಲಿ ನೆಲಾ ಬಿಡಂಗಿಲ್ಲರಿ" ಎಂದು ವೇದಾಂತ್ ಹೇಳಿದ. "ಕೋಣನಬೆನ್ನಿಗೆ ಇದs ಬೇಕು. ಹಾರ್ಡ್‌ಟೇಲ್ ನಿಮ್ಮನ್ನ ಒಗದು ಬಿಡ್ತದ."

"ಅವ್ರ ಮಾತು ಕೇಳಬ್ಯಾಡ್ರಿ ಅಕ್ಕಾರ" ಎಂದ ಪಾಲಯ್ಯ. "ಆ ಸೈಕಲ್ಲಿಗೆ ಹಿಂದ ಎಷ್ಟು ಕೀಲು ಅದಾವು ನೋಡೀರೇನು? ನಮ್ ಕೆಂಪು ಧೂಳು ಒಂದೊಂದ್ ಕೀಲಿನಾಗೂ ಹೊಕ್ಕಂತೈತಿ. ಮಳಿಗಾಲ ಮುಗಿಯೋದ್ರಾಗ ಕುಂಯ್ ಕುಂಯ್ ಅಂತೈತಿ. ರಿಪೇರಿಗೆ ಬೆಂಗಳೂರಿಗೆ ಕಳಿಸ್ಬೇಕು. ಇದಕ್ಕಾದ್ರ ಒಂದು ಪಾನಾ, ಒಂದು ಎಣ್ಣಿ ಡಬ್ಬಿ ಸಾಕು."

ಇಬ್ಬರೂ ಸರಿಯಾಗಿಯೇ ಹೇಳುತ್ತಿದ್ದಾರೆ ಅನ್ನಿಸಿ ಗಂಗಾಳಿಗೆ ಇನ್ನೂ ಗೊಂದಲವಾಯಿತು. ಕೊನೆಗೆ ವೇದಾಂತನೇ, ಒಂದು ಭಾನುವಾರ ನನ್ನ ಸೈಕಲ್ ಹೊಡೆದು ನೋಡಿ, ಆಮೇಲೆ ಹೇಳಿ ಎಂದ. ಶನಿವಾರ ಮಧ್ಯಾಹ್ನ ಗಂಗಾ ಕೆಲಸಕ್ಕೆ ಹೋಗಿದ್ದಾಗ ಡ್ರೈವರ್ ಕೈಲಿ ಕಾರಿನ ಹಿಂದೆ ಕಟ್ಟಿಸಿ ಕಳಿಸಿದ. ಮನೆಯಲ್ಲಿ ಇಳಿಸಿಕೊಂಡವನು ಮಾವ ಎರ್ರಿಯಪ್ಪ.

ಎರ್ರಿಯಪ್ಪನ ವಿಷಯ ಸ್ವಲ್ಪ ಹೇಳಲೇಬೇಕು. ಹೊಸಪೇಟೆಯಲ್ಲಿ ಲಾರಿಗಳ ಕಮಾನು ಪಟ್ಟಿ, ಅಂದರೆ ಭಾರ ಹೊರುವ ಉಕ್ಕಿನ ಸ್ಪ್ರಿಂಗು, ರಿಪೇರಿ ಮಾಡುವ ಅಂಗಡಿಯಲ್ಲಿ ಅವನ ಜೀವನ ಕಳೆದಿದೆ. ಅದಿರು ಹೊತ್ತು ಹೊತ್ತು ಕಮಾನು ಕೂತುಹೋದ ಲಾರಿಗಳು ಒಂದರ ಹಿಂದೆ ಒಂದು ಬರುತ್ತಿದ್ದ ಕಾಲ ಅದು. ಕೂತ ಕಮಾನನ್ನು ಎಬ್ಬಿಸುವುದು, ಮೇಲೊಂದು ಪಟ್ಟಿ ಸೇರಿಸಿ ಬಿಗಿಯುವುದು, ಲಾರಿಯ ಹಿಂಭಾಗ ಹುಂಜದ ಬಾಲದ ಹಾಗೆ ಎದ್ದು ನಿಂತ ಮೇಲೆ ಕೈ ಒರೆಸಿಕೊಳ್ಳುವುದು. ಭಾರಕ್ಕೆ ತಗ್ಗುವ ವಸ್ತು ಯಾವುದಾದರೂ ಸರಿ, ಅವನ ಕಣ್ಣಿಗೆ ಅದು ರೋಗಿ. ಮನೆಯ ಹಗ್ಗದ ಮಂಚ ಸ್ವಲ್ಪ ಜೋಲುಬಿದ್ದದ್ದಕ್ಕೆ ಕೆಳಗೆ ಹಲಗೆ ಹೊಡೆದು, ಹೆಂಡತಿ ಹಂಪಕ್ಕ ಒಂದು ವಾರ ಸೊಂಟ ಹಿಡಿದುಕೊಂಡು ಓಡಾಡುವ ಹಾಗೆ ಮಾಡಿದವನು. ಇನ್ನೊಂದು ಚಾಳಿ ರೆಕ್ಸಿನ್ ಹೊಲಿಯುವುದು. ಲಾರಿ ಸೀಟಿನ ತುಂಡು ಉಳಿದರೆ ಸಾಕು, ಟಿವಿ ರಿಮೋಟಿಗೆ, ಮಿಕ್ಸಿಗೆ, ನೀರಿನ ಮೀಟರಿಗೆ, ಎಲ್ಲದಕ್ಕೂ ಒಂದೊಂದು ಅಂಗಿ.

ಸೊಸೆಯೆಂದರೆ ಅವನಿಗೆ ಜೀವ. ಹೊರಗೆ ಮಾತ್ರ ಸದಾ ಗೊಣಗಾಟ.

ಸೈಕಲ್ಲನ್ನು ಕಟ್ಟೆಗೆ ಒರಗಿಸಿ ಅವನು ಸುತ್ತ ನೋಡಿದ. ಚೆನ್ನಾಗಿದೆ ಅನ್ನಿಸಿತು. ಪಂಚೆ ಎತ್ತಿ ಕಟ್ಟಿ ಸೀಟಿನ ಮೇಲೆ ಕೂತ. ಸೈಕಲ್ಲಿನ ಹಿಂಭಾಗ ಮೆತ್ತಗೆ ಕೆಳಗೆ ಹೋಯಿತು. ಎದ್ದ, ಮೇಲೆ ಬಂತು. ಮತ್ತೆ ಕೂತ, ಮತ್ತೆ ಹೋಯಿತು.

"ಏ ಇಕಿನ, ಬಾ ಇಲ್ಲಿ" ಎಂದು ಹಂಪಕ್ಕನನ್ನು ಕರೆದ. "ಕುಂದ್ರು ಇದರ ಮ್ಯಾಲೆ."

"ನನಗ್ಯಾಕ ಬೇಕು ಈ ವಯಸ್ಸಿನಾಗ."

"ನಿನ್ನ ಮೆರವಣಿಗಿ ಮಾಡಾಕ ಕರದಿಲ್ಲ. ಒತ್ತಿ ನೋಡು. ಕಮಾನು ಕುಂತೈತಿ. ಹಾಳಾದ ಮಾಲು ನಮ್ ಗಂಗವ್ವಗ ಕಟ್ಟಾಕ ಹತ್ಯಾನ ಆ ಇಂಜಿನೀರ."

ಹಂಪಕ್ಕ ಬೊಟ್ಟಿನಿಂದ ಒತ್ತಿ ನೋಡಿದಳು. "ಹೌದಲ್ಲ, ಮುದಿ ಎತ್ತಿನಂಗ ಕುಂದ್ರತೈತಿ" ಎಂದಳು. "ಗುಡ್ಡದಾಗ ಕುಂತುಬಿಟ್ರ ಹೆಂಗ? ನೋಡ್ರಿ ಏನರ ಮಾಡಾಕ ಬರ್ತೈತೇನು."

ಇಷ್ಟು ಸಾಕಾಯಿತು. ಎರ್ರಿಯಪ್ಪ ಹಿಂದಿನ ಶಾಕಬ್ಸರಿನ ಎರಡು ಬೋಲ್ಟು ಬಿಚ್ಚಿ ಅದನ್ನು ಹೊರಗೆ ತೆಗೆದ. ಅದೇ ಅಳತೆಗೆ ದಪ್ಪ ಕಬ್ಬಿಣದ ಪಟ್ಟಿ ಕತ್ತರಿಸಿ, ಎರಡು ತುದಿಗೂ ತೂತು ಕೊರೆದು, ಅದೇ ಜಾಗದಲ್ಲಿ ಕೂರಿಸಿ ಬಿಗಿದ. ಮೇಲೆ ಕಪ್ಪು ರೆಕ್ಸಿನ್ನಿನ ಅಂಗಿ ಹೊಲಿದು ತೊಡಿಸಿದ. ತೆಗೆದ ಶಾಕಬ್ಸರನ್ನು ಎಣ್ಣೆ ಒರೆಸಿ, ಪೇಪರ್ ಸುತ್ತಿ, ಜೋಳದ ಡಬ್ಬದ ಹಿಂದೆ ಇಟ್ಟ. ಕೂತು ನೋಡಿದ. ಸೈಕಲ್ ಅಲುಗಲಿಲ್ಲ. ಅವತ್ತು ರಾತ್ರಿ ಒಂದು ರೊಟ್ಟಿ ಹೆಚ್ಚಿಗೆ ತಿಂದ. ಸೊಸೆಗೆ ಏನೂ ಹೇಳಲಿಲ್ಲ. ಹೇಳಿದರೆ ಕೊಟ್ಟವರ ಮೇಲೆ ಅವಳಿಗೆ ಬೇಸರವಾದೀತು ಎಂಬ ದೊಡ್ಡ ಮನಸ್ಸು.

ಬೆಳಿಗ್ಗೆ ಗಂಗಾ ಸೈಕಲ್ ಹತ್ತಿದಳು. ರೆಕ್ಸಿನ್ ಅಂಗಿ ನೋಡಿ, ಧೂಳಿಗೆ ಅಂತ ಮಾವ ಹೊಲಿದಿದ್ದಾನೆ ಎಂದು ನಕ್ಕಳು. ಫುಲ್ ಸಸ್ಪೆನ್ಷನ್ ಸೈಕಲ್ಲನ್ನು ಅವಳು ಅದಕ್ಕೆ ಮುಂಚೆ ಹೊಡೆದವಳೇ ಅಲ್ಲ. ದಪ್ಪ ಟೈರು, ಮುಂದಿನ ಒಳ್ಳೆಯ ಶಾಕಬ್ಸರು, ಅಗಲ ಹ್ಯಾಂಡಲ್ಲು, ಎಲ್ಲ ಸೇರಿ ಹಳೇ ಸೈಕಲ್ಲಿನ ಮುಂದೆ ಸ್ವರ್ಗ. ಹಿಂದಿನ ಸ್ಪ್ರಿಂಗು ಮಾತ್ರ ಏನೂ ಗೊತ್ತಾಗಲಿಲ್ಲ. ಬೆಲೆಬಾಳುವ ಮಾಲು ಅಂದರೆ ಹೀಗೇ ಇರಬೇಕು, ಕೆಲಸ ಮಾಡುವುದು ಸವಾರನಿಗೆ ತಿಳಿಯಲೇಬಾರದು ಎಂದುಕೊಂಡಳು.

ಕೋಣನಬೆನ್ನಿನ ತಲೆಯ ಮೇಲೆ ಬಂದಾಗ ಉಳಿದವರು ಇಳಿದು ಹೋಗಿಯಾಗಿತ್ತು. ಕೆಳಗಿನ ಮಣ್ಣುದಾರಿಯಲ್ಲಿ ವೇದಾಂತ್ ಕಾರು ನಿಲ್ಲಿಸಿಕೊಂಡು, ಕೈಗೆ ಪಟ್ಟಿ ಕಟ್ಟಿಕೊಂಡು ನಿಂತಿದ್ದ. ಗಂಗಾ ಬ್ರೇಕು ಬಿಗಿಯಾಗಿ ಹಿಡಿದು ನಿಂತಳು. ಆದರೆ ಹಿಂದೆ ಸ್ಪ್ರಿಂಗ್ ಇದೆ, ಅದು ನೋಡಿಕೊಳ್ಳುತ್ತದೆ. ಹಾಗೆಂದುಕೊಂಡು ಬ್ರೇಕಿನ ಮೇಲಿನ ಬೆರಳು ಸಡಿಲಿಸಿದಳು. ಹರಳು ಜಾರಿತು, ಜಾರಲಿ. ಬಂಡೆಯ ಮೆಟ್ಟಿಲು ಬಂತು, ಸೀಟಿನಿಂದ ಎದ್ದು ಹಿಂದಕ್ಕೆ ಸರಿದಳು. ಹಿಂದಿನ ಗಾಲಿ ಧಡಧಡ ಒದೆಯಿತು. ಸ್ಪ್ರಿಂಗ್ ಇದ್ದೇ ಇಷ್ಟು ಒದೆಯುವುದಾದರೆ ಇಲ್ಲದಿದ್ದರೆ ಏನು ಗತಿ ಅನ್ನಿಸಿತು. ತಿರುವಿನಲ್ಲಿ ಜಾಲಿಯನ್ನು ನೋಡಲಿಲ್ಲ, ಅದರಾಚೆಯ ದಾರಿ ನೋಡಿದಳು. ಸೈಕಲ್ ಅತ್ತಲೇ ಹೋಯಿತು. ಕೆಳಗೆ ಬಂದು ನಿಂತಾಗ ಅವಳ ಕಾಲು ಇನ್ನೂ ಪೆಡಲಿನ ಮೇಲೇ ಇತ್ತು. ನಿಲ್ಲಿಸಿದ ಸೈಕಲ್ ವಾಲಿ, ಅವಳು ಮೆಲ್ಲಗೆ ಪಕ್ಕಕ್ಕೆ ಬಿದ್ದಳು. ಇಳಿಜಾರು ಮುಗಿದ ಮೇಲೆ ಬಿದ್ದದ್ದು ಲೆಕ್ಕಕ್ಕಿಲ್ಲ ಎಂದು ಎಲ್ಲರೂ ಒಪ್ಪಿದರು.

"ಇದನ್ನs ತಗೋತೀನ್ರಿ ಸರ್" ಎಂದಳು, ಬಿದ್ದಲ್ಲಿಂದಲೇ. "ಹಿಂದ ಸ್ಪ್ರಿಂಗ್ ಇಲ್ದ ಇದ್ರ ಇವತ್ತು ನಾ ಮುಳ್ಳಿನಾಗ ಇರ್ತಿದ್ದೆ."

ವೇದಾಂತನಿಗೂ ಖುಷಿ. ಸೈಕಲ್ಲನ್ನು ಎತ್ತಿ ನಿಲ್ಲಿಸಿ, ಎಡಗೈಯಿಂದ ಸೀಟು ಒತ್ತಿದ. ಅಲುಗಲಿಲ್ಲ. ಮೈಯೆಲ್ಲ ಭಾರ ಹಾಕಿ ಒತ್ತಿದ. ಆಮೇಲೆ ರೆಕ್ಸಿನ್ ಅಂಗಿಯ ಗುಂಡಿ ಬಿಚ್ಚಿ ನೋಡಿದ. ಒಳಗಿನ ಕಬ್ಬಿಣದ ಪಟ್ಟಿಯನ್ನು ಬೆರಳಿನಿಂದ ತಟ್ಟಿದ.

"ಗಂಗಾ ಅವ್ರs" ಎಂದ, "ಇಲ್ಲೊಂದು ಶಾಕಬ್ಸರ್ ಇತ್ತಲ್ರಿ, ಎಲ್ಲಿಗೆ ಹೋತು?"

ಆ ಮಧ್ಯಾಹ್ನ ಮಲಪನಗುಡಿಯ ಮನೆಯ ಕಟ್ಟೆಯ ಮೇಲೆ ಪಂಚಾಯಿತಿ. ಹುಲಿಗೇಶ್ ಸಹ ಎದ್ದು ಬಂದು ಕೂತಿದ್ದ. ಎರ್ರಿಯಪ್ಪ ಜೋಳದ ಡಬ್ಬದ ಹಿಂದಿನಿಂದ ಪೇಪರಿನ ಗಂಟು ತಂದು ವೇದಾಂತನ ಮುಂದೆ ಇಟ್ಟ.

"ನಿಮ್ ಮಾಲು ನಿಮಗ ಐತಿ ನೋಡ್ರಿ. ನಾ ಏನ್ ಮುರದಿಲ್ಲ. ಕುಂತ್ರ ಕುಗ್ಗತಿತ್ತು, ಅದಕ್ಕ ತಗದೆ."

"ಕುಗ್ಗಲಿ ಅಂತನs ಅದನ್ನ ಮಾಡ್ಯಾರ್ರಿ ಯಜಮಾನ್ರ."

"ಕುಗ್ಗಾಕ ಯಾರರ ರೊಕ್ಕ ಕೊಡ್ತಾರನ್ರಿ? ನಮ್ಮಂಗಡಿಗೆ ಬಂದೋರೆಲ್ಲಾ ಕುಗ್ಗೋದು ನಿಲ್ಲಿಸು ಅಂತ ಕೊಟ್ಟಾರ."

"ಮಾವಾ, ಒಂದು ಮಾತು ಕೇಳೋದಲ್ಲೇನು" ಎಂದಳು ಗಂಗಾ. ಸಿಟ್ಟು ಬಂದಿತ್ತು. "ನಾ ಹಲ್ಲು ಉದುರಿಸ್ಕೊಂಡಿದ್ರ?"

"ಉದುರಿಲ್ಲಲ್ಲ. ಇಳದ್ಯೋ ಇಲ್ಲೋ?"

"ಇಳದೆ."

"ಮತ್ತ?"

ಹುಲಿಗೇಶ್ ಆಕಳಿಸುತ್ತ, "ಅಂದ್ರ ಇಕಿ ಇಳದಿದ್ದು ಹಾರ್ಡ್‌ಟೇಲಿನಾಗ ಅಂದಂಗಾತು" ಎಂದ. ನಿದ್ದೆಗಣ್ಣಿನಲ್ಲಿ ಅವನು ಕೆಲವೊಮ್ಮೆ ಸರಿಯಾದ ಮಾತೇ ಆಡುತ್ತಾನೆ. ವೇದಾಂತ್ ನಗಲು ಶುರುಮಾಡಿದ. ನಕ್ಕು ನಕ್ಕು ಕೈ ನೋವಾಯಿತೆಂದು ಹಂಪಕ್ಕ ಕೊಟ್ಟ ಮಜ್ಜಿಗೆ ಕುಡಿದ.

ಗಂಗಾಳಿಗೆ ಮಾತ್ರ ನಗು ಬರಲಿಲ್ಲ. ಇಳಿದದ್ದು ನಿಜ. ಆದರೆ ಸ್ಪ್ರಿಂಗ್ ಇದೆ ಎಂದು ನಂಬಿ ಇಳಿದದ್ದು. ಇಲ್ಲವೆಂದು ತಿಳಿದಿದ್ದರೆ ಸೈಕಲ್ಲನ್ನು ಎಮ್ಮೆಯ ಹಾಗೆ ಹಿಡಿದುಕೊಂಡು ನಡೆದಿರುತ್ತಿದ್ದಳು. ಹಾಗಾದರೆ ಅದು ತಾನು ಇಳಿದದ್ದೋ, ಮಾವನ ರೆಕ್ಸಿನ್ ಇಳಿಸಿದ್ದೋ?

ವೇದಾಂತ್ ಶಾಕಬ್ಸರ್ ಮತ್ತೆ ಹಾಕಿಸಿ, ಇನ್ನೊಂದು ವಾರ ಸೈಕಲ್ ಬಿಟ್ಟುಹೋದ. ಮುಂದಿನ ಭಾನುವಾರ ಅವಳು ನಿಜವಾದ ಫುಲ್ ಸಸ್ಪೆನ್ಷನ್ ಹತ್ತಿದಳು. ಕೋಣನಬೆನ್ನು ಬಂತು, ಹೋಯಿತು. ಬಂಡೆಗಳೆಲ್ಲ ಬೇರೆ ಯಾರದೋ ಗಾಲಿಯ ಕೆಳಗೆ ಇದ್ದ ಹಾಗೆ. ಹರಿಗೋಲಿನಲ್ಲಿ ಕೂತು ಹೊಳೆ ದಾಟಿದಷ್ಟು ಸುಖ. ಆದರೆ ವಾಪಸು ಬರುವಾಗ ಉದ್ದದ ಏರಿನಲ್ಲಿ ಸೈಕಲ್ ಬೇರೆಯೇ ಗುಣ ತೋರಿಸಿತು. ಎದ್ದು ತುಳಿದರೆ ಹಿಂಭಾಗ ಮೇಲೆ ಕೆಳಗೆ ಆಡುತ್ತದೆ. ತುಳಿದ ಬಲದಲ್ಲಿ ಒಂದು ಪಾಲು ಗಾಲಿಗೆ, ಒಂದು ಪಾಲು ಆ ಸ್ಪ್ರಿಂಗಿಗೆ ಮೇವು. ವೇದಾಂತ್ ಗುಡ್ಡದ ಬುಡದವರೆಗೆ ಕಾರಿನಲ್ಲಿ ಹೊತ್ತುಕೊಂಡು ಬರುವವನು. ಅವಳು ಮಲಪನಗುಡಿಯಿಂದ ತುಳಿದುಕೊಂಡೇ ಹೋಗಿ ತುಳಿದುಕೊಂಡೇ ಬರುವವಳು. ಅವಳ ದಾರಿಯಲ್ಲಿ ಕೋಣನಬೆನ್ನು ಒಂದು ಚೂರು, ಏರು ಮತ್ತು ಸಪಾಟು ದಾರಿಯೇ ಬಹಳ. ಮನೆಗೆ ಬಂದು ತೊಳೆಯುವಾಗ ಕೀಲುಗಳ ಸಂದಿಯಿಂದ ಕೆಂಪು ನೀರು ಎಷ್ಟು ಹೊಯ್ದರೂ ಬರುತ್ತಲೇ ಇತ್ತು.

ಸೋಮವಾರ ಅವಳು ಪಾಲಯ್ಯನ ಅಂಗಡಿಗೆ ಹೋಗಿ ಹಾರ್ಡ್‌ಟೇಲ್ ತಂದಳು. ವೇದಾಂತನಿಗೆ ಫೋನ್ ಮಾಡಿ ಹೇಳಿದಾಗ ಅವನಿಗೆ ಬೇಜಾರಾಗಲಿಲ್ಲ. ಯಮುನಾಬಾಯಿ ಆಗಲೇ ಅದನ್ನು ತಮ್ಮನ ಮಗನಿಗೆ ಕೊಡುವುದೆಂದು ಗೊತ್ತು ಮಾಡಿದ್ದರು.

ಇಷ್ಟಕ್ಕೇ ಮುಗಿದಿದ್ದರೆ ಸೈಕಲ್ ಕೊಂಡ ಕಥೆ ಆಗುತ್ತಿತ್ತು. ಆದರೆ ಅವತ್ತು ಇಳಿದದ್ದು ತಾನೋ ರೆಕ್ಸಿನ್ನೋ ಎಂಬ ಪ್ರಶ್ನೆ ಇನ್ನೂ ಹಾಗೇ ಇತ್ತು. ಹಾರ್ಡ್‌ಟೇಲ್ ತಂದ ಮೇಲಿನ ಭಾನುವಾರ ಎರ್ರಿಯಪ್ಪನೂ ಬರುತ್ತೇನೆಂದು ಹಟ ಹಿಡಿದ. ಸೊಸೆ ಎಲ್ಲಿಗೆ ಹೋಗುತ್ತಾಳೆಂದು ಅವನು ಒಮ್ಮೆಯೂ ನೋಡಿರಲಿಲ್ಲ. ವೇದಾಂತ್ ಕಾರಿನಲ್ಲಿ ಕೂರಿಸಿಕೊಂಡು ಬಂದು ಕೆಳಗೆ ಇಳಿಸಿದ. ಎರ್ರಿಯಪ್ಪ ತಲೆ ಎತ್ತಿ ಇಳಿಜಾರನ್ನು ನೋಡಿದ.

"ಇದರಾಗಿಂದನ?" ಎಂದ. "ಇದರಾಗ ನೀರು ಸೈತ ನೋಡ್ಕೊಂತ ಇಳೀಬೇಕಲ್ರಿ."

"ಮಾತಾಡಬ್ಯಾಡ್ರಿ, ಅವ್ರಿಗೆ ಕೇಳಿಸ್ತದ" ಎಂದ ವೇದಾಂತ್.

ಮೇಲೆ ಗಂಗಾ ನಿಂತಿದ್ದಳು. ಇವತ್ತು ಹಿಂದೆ ಏನೂ ಇಲ್ಲ ಎಂಬುದು ಗೊತ್ತು. ಗೊತ್ತಿದ್ದದ್ದೇ ಕಷ್ಟವಾಯಿತು. ಕೈ ಬ್ರೇಕನ್ನು ಹಿಡಿದದ್ದು ಬಿಡುತ್ತಿಲ್ಲ. ಒಂದು ಕಾಲು ಇಳಿಸಿದಳು. ನಡೆದು ಹೋದರೆ ಯಾರೂ ಏನೂ ಅನ್ನುವುದಿಲ್ಲ. ನಿಧಾನ ಬರ್ರಿ ಎನ್ನುತ್ತಾರೆ. ಆ ಮಾತು ನೆನಪಾದದ್ದೇ ಕಾಲನ್ನು ಮತ್ತೆ ಪೆಡಲಿಗೆ ಇಟ್ಟಳು. ಅವತ್ತು ಸ್ಪ್ರಿಂಗ್ ಏನು ಮಾಡಿತ್ತು? ಏನೂ ಇಲ್ಲ, ಇರಲೇ ಇಲ್ಲವಲ್ಲ. ಬೆರಳು ಸಡಿಲಿಸಿದ್ದು ತಾನು, ಹಿಂದಕ್ಕೆ ಸರಿದದ್ದು ತಾನು, ದಾರಿ ನೋಡಿದ್ದು ತಾನು. ಅದನ್ನೇ ಒಂದೊಂದಾಗಿ ಮಾಡಿದರಾಯಿತು.

ಬೆರಳು ಬಿಟ್ಟಳು.

ಈ ಸಲ ಅಷ್ಟು ಚಂದವಾಗಿ ಇಳಿಯಲಿಲ್ಲ. ಹರಳಿನಲ್ಲಿ ಹಿಂಭಾಗ ಅಡ್ಡ ಹೋಯಿತು. ಎರಡನೇ ಮೆಟ್ಟಿಲಿನಲ್ಲಿ ಸೀಟು ಬಂದು ತೊಡೆಗೆ ಹೊಡೆಯಿತು. ತಿರುವಿನಲ್ಲಿ ಜಾಲಿಯ ಕೊಂಬೆಯೊಂದು ತೋಳಿನ ಬಟ್ಟೆಯನ್ನು ಹರಿದಿಟ್ಟುಕೊಂಡಿತು. ಒಂದು ಕ್ಷಣ ಎಡಗಾಲು ಪೆಡಲು ಬಿಟ್ಟು ಗಾಳಿಯಲ್ಲಿ ಆಡಿತು, ನೆಲ ಮುಟ್ಟುವ ಮೊದಲೇ ವಾಪಸು ಬಂತು. ಕೆಳಗಿನ ಮಣ್ಣುದಾರಿಯಲ್ಲಿ ಅವಳು ಕಾರನ್ನು ದಾಟಿ, ಮಾವನನ್ನೂ ದಾಟಿ, ಹುಣಸೆ ಮರದವರೆಗೆ ಹೋಗಿ ತಿರುಗಿ ಬಂದಳು.

ಎರ್ರಿಯಪ್ಪ ಅವಳ ಹರಿದ ತೋಳನ್ನು ನೋಡಿದ, ಸೈಕಲ್ಲನ್ನು ನೋಡಿದ. "ಗಂಗವ್ವಾ, ಸಾಕಿನ್ನ, ಬಾ" ಎಂದ. "ಮಂಡಕ್ಕಿ ಒಗ್ಗರಣಿ, ಮಿರ್ಚಿ ತಂದಾರ ಇವ್ರು. ಬಿಸಿ ಅದಾವ."

"ನೀವು ಶುರು ಮಾಡ್ರಿ ಮಾವಾ" ಎಂದಳು ಗಂಗಾ. ಆಗಲೇ ಅವಳು ಸೈಕಲ್ಲನ್ನು ತಿರುಗಿಸಿ ಮೇಲಕ್ಕೆ ತಳ್ಳುತ್ತಿದ್ದಳು. "ಆ ಎರಡನೇ ಬಂಡಿಗಲ್ಲು ನಂಗ ಸರಿ ಸಿಗಲಿಲ್ಲ. ಅದೊಂದ್ ನೋಡ್ಕೊಂಡು ಬಂದೆ."